ಪರ್ತ್ ನಂಬರಿನ ಕಾರು

ಆ ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ನಾನು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ ಕಾರನ್ನು ಒಂದು ಅಡ್ಡರಸ್ತೆಗೆ ತಿರುಗಿಸುತ್ತಿದ್ದೆ. ಜೂನ್ ತಿಂಗಳ ಚಳಿ. ಸಮುದ್ರದ ಕಡೆಯಿಂದ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಟ್ರಾಮ್ ಬರುತ್ತಿದೆಯೇ ಎಂದು ಬಲಗಡೆ ನೋಡಿದೆ. ಎಡಗಡೆ ನೋಡಲಿಲ್ಲ.

ದೊಡ್ಡ ಸದ್ದೇನೂ ಆಗಲಿಲ್ಲ. ಹಿಟ್ಟಿನ ಚೀಲವನ್ನು ನೆಲಕ್ಕೆ ಇಳಿಸಿದ ಹಾಗೆ ಕೇಳಿಸಿತು, ಅಷ್ಟೆ. ಬ್ರೇಕ್ ಒತ್ತಿ ಇಳಿದು ನೋಡಿದರೆ, ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕಾಲುದಾರಿಯ ಅಂಚಿಗೆ ಒರಗಿಕೊಂಡು ಬಿದ್ದಿದ್ದರು. ಒಂದು ಕಾಲಿನ ಶೂ ಕಳಚಿಹೋಗಿತ್ತು. ಎಚ್ಚರವಿತ್ತು. ನನ್ನ ಕಾರ್ಡಿಗನ್ ಬಿಚ್ಚಿ ಅವರ ತಲೆಯ ಕೆಳಗಿಟ್ಟು ಕೈ ಹಿಡಿದುಕೊಂಡೆ. "ನಿನ್ನ ಕೈ ಎಷ್ಟು ತಣ್ಣಗಿದೆ, ಮಗೂ" ಎಂದರು ಅವರು. ಆಮೇಲೆ ಸೊಂಟದ ನೋವಿಗೆ ಮುಖ ಕಿವುಚಿ ಕಣ್ಣು ಮುಚ್ಚಿದರು.

ಸಾರಿ ಎಂದು ನಾನು ಹೇಳಲಿಲ್ಲ. ಅದಕ್ಕೆ ಕಾರಣ ನನ್ನ ನೌಕರಿ. ಪರ್ತ್‌ನಲ್ಲಿ ಆರು ವರ್ಷ ಒಂದು ವಿಮಾ ಕಂಪನಿಯ ಫೋನಿನ ಮುಂದೆ ಕೂತಿದ್ದವಳು ನಾನು. ಕಾರು ಗುದ್ದಿಸಿಕೊಂಡು ಗಾಬರಿಯಿಂದ ಫೋನ್ ಮಾಡುವವರಿಗೆ ನಾವು ಮೊದಲು ಹೇಳುತ್ತಿದ್ದದ್ದೇ ಅದು: ತಪ್ಪು ನಿಮ್ಮದೆಂದು ಸ್ಥಳದಲ್ಲಿ ಒಪ್ಪಿಕೊಳ್ಳಬೇಡಿ, ಕ್ಷಮೆ ಕೇಳಬೇಡಿ.

ಆಂಬುಲೆನ್ಸ್ ಅವರನ್ನು ಕರೆದೊಯ್ದ ಮೇಲೆ ಒಬ್ಬ ಪೊಲೀಸ್ ಹುಡುಗಿ ನನ್ನ ಲೈಸೆನ್ಸ್ ನೋಡಿ, ಕಾರಿನ ನಂಬರನ್ನು ರೇಡಿಯೋದಲ್ಲಿ ಓದಿ ಹೇಳಿದಳು. ಉತ್ತರ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಈ ಕಾರಿನ ರೆಜೋ ಮುಗಿದಿದೆ. ನಿಮಗೆ ಗೊತ್ತಿತ್ತಾ?"

"ಯಾವಾಗ?"

"ಹನ್ನೊಂದು ದಿನ ಆಯಿತು."

ರೆಜೋ ಅಂದರೆ ಕಾರಿನ ನೋಂದಣಿ. ಬೇರೆ ಯಾರಾದರೂ ಆಗಿದ್ದರೆ ದಂಡ ಕಟ್ಟಬೇಕಲ್ಲ ಎಂದು ಕೊರಗುತ್ತಿದ್ದರೇನೋ. ಆ ಮಾತಿನ ಅರ್ಥ ನನಗೆ ಪೂರ್ತಿ ಗೊತ್ತಿತ್ತು. ಅಲ್ಲೇ ಕಾಲುದಾರಿಯ ಅಂಚಿನ ಕಲ್ಲಿನ ಮೇಲೆ ಕೂತೆ.

ಆಸ್ಟ್ರೇಲಿಯಾದಲ್ಲಿ ನಮ್ಮಂಥ ಕಂಪನಿಗಳನ್ನು ನೋಡಿಕೊಳ್ಳುವುದು ಕೇಂದ್ರ ಸರ್ಕಾರ. ಪರ್ತ್ ಆಗಲಿ ಬ್ರಿಸ್ಬೇನ್ ಆಗಲಿ, ಒಂದೇ ಕಾನೂನು, ಒಂದೇ ಪಾಲಿಸಿ. ಆದರೆ ನಮ್ಮ ಪಾಲಿಸಿ ನೋಡಿಕೊಳ್ಳುತ್ತಿದ್ದದ್ದು ತಗಡನ್ನು, ಗಾಜನ್ನು, ಗುದ್ದಿಸಿಕೊಂಡವರ ಬೇಲಿಯನ್ನು. ಮನುಷ್ಯರ ಮೈಗೆ ಪೆಟ್ಟಾದರೆ ಅದರ ವಿಮೆ ಆಯಾ ರಾಜ್ಯದ್ದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದು ರೆಜೋ ಜೊತೆಗೇ ಬರುತ್ತದೆ, ರೆಜೋ ಜೊತೆಗೇ ಹೋಗುತ್ತದೆ. ಫೋನಿನಲ್ಲಿ ಯಾರಾದರೂ ಅದರ ಬಗ್ಗೆ ಕೇಳಿದರೆ "ಅದು ನಮ್ಮದಲ್ಲ, ನಿಮ್ಮ ರಾಜ್ಯದವರನ್ನು ಕೇಳಿ" ಎಂದು ಹೇಳಿ ನಾನು ಮುಂದಿನ ಕರೆ ತೆಗೆದುಕೊಳ್ಳುತ್ತಿದ್ದೆ.

ನಾವು ಪರ್ತ್ ಬಿಟ್ಟು ಎರಡು ತಿಂಗಳೂ ಆಗಿರಲಿಲ್ಲ. ನನ್ನ ಗಂಡ ಭೂವಿಜ್ಞಾನಿ. ಪರ್ತ್‌ನ ವೆಲ್ಷ್‌ಪೂಲ್ ಬಡಾವಣೆಯ ಒಂದು ಗೋದಾಮಿನಲ್ಲಿ, ಗಣಿಗಳಿಂದ ಬಂದ ಕಲ್ಲಿನ ಮಾದರಿಗಳ ನಡುವೆ ಅವರ ಕೆಲಸ. ಗಣಿಗಳು ಒಂದೊಂದಾಗಿ ನಿಂತ ವರ್ಷ ಅದೂ ಹೋಯಿತು. ಬ್ರಿಸ್ಬೇನಿನಲ್ಲಿ ಬೇರೆ ಕೆಲಸ ಸಿಕ್ಕಿತು. ನನ್ನ ಕಂಪನಿಯವರು ನನ್ನನ್ನೂ ಬ್ರಿಸ್ಬೇನ್ ಶಾಖೆಗೆ ಹಾಕಲು ಒಪ್ಪಿದರು. ಅದಕ್ಕೆ ಮೊದಲು ಅಡಿಲೇಡಿನಲ್ಲಿ ಹೊಸಬರಿಗೆ ಎರಡು ತಿಂಗಳು ತರಬೇತಿ ಕೊಡಬೇಕಿತ್ತು. ಇಬ್ಬರೂ ಸೇರಿ ಕಾರನ್ನು ಅಡಿಲೇಡಿನವರೆಗೆ ಓಡಿಸಿಕೊಂಡು ಬಂದೆವು. ಅಲ್ಲಿಂದ ಅವರು ವಿಮಾನ ಹತ್ತಿದರು. ಹೊರಡುವ ಮೊದಲೇ ನಮ್ಮ ಕಂಪನಿಯ ಪಾಲಿಸಿಯ ವಿಳಾಸವನ್ನು ಒಂದೇ ಫೋನಿನಲ್ಲಿ ಬದಲಾಯಿಸಿ, ಕಾರಿನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ರೆಜೋ ನೆನಪೇ ಆಗಲಿಲ್ಲ. ಅದು ಮುಗಿಯುವ ತಾರೀಕು ತೋರಿಸಲು ಗಾಜಿಗೆ ಅಂಟಿಸುವ ಚೀಟಿಯನ್ನು ಆ ರಾಜ್ಯದವರು ಆಗಲೇ ನಿಲ್ಲಿಸಿಬಿಟ್ಟಿದ್ದರು.

ಬಾಡಿಗೆ ರೂಮಿಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಪರ್ತ್‌ನಿಂದ ನಮ್ಮ ಅಂಚೆಯೆಲ್ಲ ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿದ್ದ ಅವರ ಮನೆಗೆ ಹೋಗುತ್ತಿತ್ತು.

"ಲೆಟರ್ಸ್ ಎಲ್ಲಿಟ್ಟಿದ್ದೀರಾ?"

"ಫ್ರಿಜ್ ಮೇಲೆ. ಓಪನ್ ಮಾಡಿಲ್ಲ ಕಣೇ. ಬರೀ ಪರ್ತ್‌ದು ತಾನೇ ಅಂತ..."

"ಈಗ ಮಾಡಿ. ಲೈನಲ್ಲೇ ಇರ್ತೀನಿ."

ಕಾಗದ ಹರಿಯುವ ಸದ್ದು ಕೇಳಿಸುತ್ತಿತ್ತು. ನಾಲ್ಕನೆಯದೋ ಐದನೆಯದೋ ಲಕೋಟೆಗೆ ಅದು ನಿಂತಿತು. "ಇದೆ. ರೆಜೋ ರಿನ್ಯೂವಲ್" ಎಂದರು, ಸಣ್ಣ ದನಿಯಲ್ಲಿ. ಬೈಯಬೇಕು ಅಂದುಕೊಂಡಿದ್ದೆ. ಕಾರು ನನ್ನ ಹೆಸರಿನಲ್ಲಿತ್ತು, ಬಾಯಿ ಬರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆ ಆಗಿದೆ, ಮನೆಯವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ ಎಂದರು ನರ್ಸ್. ವಾಪಸು ಹೊರಟಾಗ ನನ್ನ ವಯಸ್ಸಿನ ಹೆಂಗಸೊಬ್ಬಳು ಕಾರಿಡಾರಿಗೆ ಬಂದಳು. ಆ ಅಜ್ಜಿಯ ಮಗಳು.

"ಕಾರು ಓಡಿಸುತ್ತಿದ್ದವಳು ನೀನಾ?"

ಹೌದೆಂದೆ.

"ಅಮ್ಮ ಒಬ್ಬಳೇ ಇರುವುದು. ಎರಡನೇ ಮಹಡಿ, ಲಿಫ್ಟ್ ಇಲ್ಲ. ತಿಂಗಳುಗಟ್ಟಲೆ ಯಾರಾದರೂ ಜೊತೆಗಿರಬೇಕಂತೆ." ಅವಳಲ್ಲಿ ಕೋಪ ಕಾಣಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. "ನಿನ್ನ ಇನ್ಶೂರೆನ್ಸ್ ಎಲ್ಲಾ ಸರಿ ಇದೆ ತಾನೇ?"

"ಇದೆ" ಎಂದೆ. "ಎಲ್ಲಾ ಸರಿ ಇದೆ."

ಅವಳು ನನ್ನ ತೋಳು ಮುಟ್ಟಿ ಥ್ಯಾಂಕ್ಸ್ ಹೇಳಿದಳು. ಅವಳ ಕಣ್ಣು ತಪ್ಪಿಸಿ ಮೆಟ್ಟಿಲಿಳಿದು ಹೊರಗೆ ಬಂದೆ.

ಸೋಮವಾರ ಅಡಿಲೇಡಿನಲ್ಲಿ ಗಾಯದ ವಿಮೆಯ ಕಚೇರಿ ತೆರೆದಿತ್ತು, ಪರ್ತ್‌ನಲ್ಲಿ ಇಲ್ಲ. ಆ ರಾಜ್ಯಕ್ಕಷ್ಟೇ ಇರುವ ರಜೆ. ಆರು ವರ್ಷ ಅದೇ ರಜೆಯಲ್ಲಿ ಬಾರ್ಬಿಗೆ, ಅಂಗಳದಲ್ಲಿ ಮಾಂಸ ಸುಡುವ ಕೂಟಕ್ಕೆ, ಹೋಗಿದ್ದವಳಿಗೆ ಈಗ ಅದು ನೆನಪಾಯಿತು. ಅಡಿಲೇಡಿನ ಕಚೇರಿಯ ಮುದುಕ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಕಾರು ಪಶ್ಚಿಮದ್ದು. ಅಲ್ಲಿ ಇನ್ಶೂರೆನ್ಸ್ ಇದೆಯೋ ಇಲ್ಲವೋ ಅವರೇ ಹೇಳಬೇಕು" ಎಂದ. "ಅಕಸ್ಮಾತ್ ಇಲ್ಲದಿದ್ದರೂ ಪೆಟ್ಟಾದವರಿಗೆ ಪರಿಹಾರ ಸಿಗುತ್ತದೆ, ಅದಕ್ಕೊಂದು ದಾರಿ ಇದೆ. ಆಮೇಲೆ ಅದನ್ನು ನಿಮ್ಮಿಂದ ವಸೂಲು ಮಾಡುತ್ತಾರೆ." ಬ್ರಿಸ್ಬೇನಿನಲ್ಲಿ ನನ್ನ ಗಂಡ ಅಲ್ಲಿನ ಕಚೇರಿಗೆ ಹೋದರು. ಕಾರು ಇನ್ನೂ ಕ್ವೀನ್ಸ್‌ಲ್ಯಾಂಡಿನ ಮಣ್ಣು ಮುಟ್ಟಿಲ್ಲವಲ್ಲ, ನಾವೇನು ಹೇಳುವುದು ಎಂದರಂತೆ. ನನ್ನ ಕಂಪನಿಗೂ ಫೋನ್ ಮಾಡಿದೆ. ಪರಿಚಯವಿಲ್ಲದ ಒಂದು ಹುಡುಗಿಯ ದನಿ. "ಬಾನೆಟ್ ವಿಚಾರ ನೋಡೋಣ. ಆದರೆ ಪೆಟ್ಟಾಗಿರುವ ಮಹಿಳೆಯದು ನಮ್ಮದಲ್ಲ, ನಿಮ್ಮ ರಾಜ್ಯದವರನ್ನು ಕೇಳಿ" ಎಂದಳು, ತೀರಾ ಮೃದುವಾಗಿ.

ಯಾರೂ ನನ್ನ ಹತ್ತಿರ ಕೆಟ್ಟದಾಗಿ ಮಾತಾಡಲಿಲ್ಲ. ಆದರೂ ಆ ದಿನ ಈ ದೇಶದಲ್ಲಿ ನನ್ನ ಕಾಲ ಕೆಳಗೆ ಯಾವ ರಾಜ್ಯವೂ ಇಲ್ಲ ಅನ್ನಿಸಿಬಿಟ್ಟಿತು. ನಮ್ಮ ಪೌರತ್ವದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಕೋರ್ಟು, ಪೊಲೀಸ್ ರೆಕಾರ್ಡು ಎಂದೆಲ್ಲ ಯೋಚಿಸುತ್ತಾ ಅನ್ನದ ಕುಕ್ಕರನ್ನು ನೀರು ಹಾಕದೆ ಒಲೆಯ ಮೇಲಿಟ್ಟಿದ್ದೆ.

ಮಂಗಳವಾರ ಎಂಟೂವರೆಗೆ ಕೆಲಸದ ಜಾಗದ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತೆ. ಪರ್ತ್‌ನಲ್ಲಿ ಆಗಿನ್ನೂ ಏಳು; ಅಲ್ಲಿನ ಗಾಯದ ವಿಮೆಯ ಕಚೇರಿ ತೆರೆಯುವವರೆಗೆ ಕಾಯಬೇಕಿತ್ತು. ಹೊಸಬರಿಗೆ ಪಾಠ ಹೇಳಬೇಕಿತ್ತು; ಹುಷಾರಿಲ್ಲ ಎಂದು ಹೇಳಿ ಕಳಿಸಿದೆ. ಕೊನೆಗೆ ಲೈನು ಸಿಕ್ಕಿದಾಗ ಆ ಕಡೆಯ ಹೆಂಗಸು ತಾರೀಕು ಕೇಳಿದಳು, ಕಾರಿನ ನಂಬರ್ ಕೇಳಿದಳು, ಕೀಲಿಮಣೆ ಒತ್ತುತ್ತಾ ಏನೋ ಗೊಣಗಿಕೊಂಡಳು.

"ರೆಜೋ ಮುಗಿದ ಮೇಲೆ ಹದಿನೈದು ದಿನ ಗಾಯದ ಇನ್ಶೂರೆನ್ಸ್ ನಡೆಯುತ್ತೆ. ಓಡಿಸಬಾರದಿತ್ತು, ಅದಕ್ಕೆ ದಂಡ ಬೀಳುತ್ತೆ. ಆದರೆ ಕವರ್ ಇದೆ."

"ಅಡಿಲೇಡಿನಲ್ಲಿ ಆಗಿದ್ದರೂ?"

"ಆಸ್ಟ್ರೇಲಿಯಾದಲ್ಲಿ ಎಲ್ಲೇ ಆಗಿದ್ದರೂ. ನಿನ್ನ ಕಾರು ನಮ್ಮದೇ ಅಲ್ಲವಾ, ಲವ್?" ಎಂದಳು, ಅಲ್ಲಿಯವರು ಅಪರಿಚಿತರನ್ನೂ ಪ್ರೀತಿಯಿಂದ ಕರೆಯುವ ಹಾಗೆ.

ಮೆಟ್ಟಿಲ ಮೇಲೆ ಜನ ಓಡಾಡುತ್ತಿದ್ದರು. ಅವರೆದುರಿಗೇ ಜೋರಾಗಿ ಅತ್ತುಬಿಟ್ಟೆ.

ಭಯ ಅಲ್ಲಿಗೆ ಮುಗಿಯಲಿಲ್ಲ. ಅಪಘಾತ ಹೇಗಾಯಿತೆಂದು ಬರೆದುಕೊಡಬೇಕಿತ್ತು. ತಪ್ಪು ಓಡಿಸಿದವರದೆಂದು ತೋರಿದರೆ ಮಾತ್ರ ಪೆಟ್ಟು ತಿಂದವರಿಗೆ ಪರಿಹಾರ; ಅಲ್ಲಿನ ಪದ್ಧತಿ ಹಾಗಿತ್ತು. ಸುತ್ತ ಸಾಕ್ಷಿ ಯಾರೂ ಇರಲಿಲ್ಲ. ಬಿಸಿಲಿತ್ತು, ಅವರು ಇದ್ದಕ್ಕಿದ್ದಂತೆ ರಸ್ತೆಗಿಳಿದರು ಎಂದು ಎರಡು ಸಾಲು ಬರೆದಿದ್ದರೆ ಪೊಲೀಸರೂ ನನ್ನನ್ನು ಬಿಡುತ್ತಿದ್ದರೇನೋ.

ಗಂಡ ಫೋನಿನಲ್ಲಿ, "ಲಾಯರ್ ಹತ್ರ ತೋರಿಸೋಣ, ಅರ್ಜೆಂಟ್ ಮಾಡ್ಬೇಡ. ಸಿಟಿಜನ್‌ಶಿಪ್ ನೆನಪಿಟ್ಕೋ" ಎಂದರು.

"ಎಡಗಡೆ ನಾನು ನೋಡ್ಲೇ ಇಲ್ಲ ರೀ."

"ಹಾಗಾದ್ರೆ ಹಾಗೇ ಬರ್ದ್ಬಿಡು" ಎಂದರು.

ಬರೆದೆ. ಎರಡು ಹಾಳೆ ಹರಿದುಹಾಕಿ ಮತ್ತೆ ಬರೆದೆ. ಅಜಾಗರೂಕತೆಯ ಚಾಲನೆಗೆ ಶಿಕ್ಷೆಯಾಯಿತು, ದಂಡ ಕಟ್ಟಿದೆ, ಪೌರತ್ವದ ಕಚೇರಿಗೆ ಅದನ್ನೂ ತಿಳಿಸಿದೆ. ಮುಂದಿನ ಎಂಟು ತಿಂಗಳು ಸರ್ಕಾರದ ಕಂದು ಬಣ್ಣದ ಲಕೋಟೆ ಬಂದರೆ ಬಾಗಿಲಲ್ಲೇ ನಿಂತು ಹರಿದು ಓದುತ್ತಿದ್ದೆ. ಕೊನೆಗೆ ಪೌರತ್ವ ಸಿಕ್ಕಿತು. ಆ ಅಜ್ಜಿಯ ಮನೆಗೆ ನೋಡಿಕೊಳ್ಳುವವರು ಬಂದರೆಂದೂ, ಕೋಲು ಹಿಡಿದು ಮೆಟ್ಟಿಲು ಹತ್ತುತ್ತಾರೆಂದೂ ವಿಮೆಯವರ ಒಂದು ಪತ್ರದಿಂದ ತಿಳಿಯಿತು. ಅವರನ್ನು ಮತ್ತೆ ನೋಡಲಿಲ್ಲ. ನೋಡಬಾರದೆಂದು ವಿಮೆಯವರು ಹೇಳಿದ್ದರು. ಹೇಳದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ಆ ಧೈರ್ಯ ನನಗಿತ್ತೆಂದು ಈಗ ಹೇಳಲಾರೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಮಗಳಿಗೆ ಹೇಳಿದ ಮಾತು ಮೂರು ದಿನದ ಮೇಲೆ ನಿಜವಾಯಿತು, ಸರಿ. ಆದರೆ ಹೇಳಿದಾಗ ಅದು ಸುಳ್ಳೆಂದೇ ತಿಳಿದು ಹೇಳಿದ್ದೆ. ಅದನ್ನು ಗಂಡನಿಗೂ ಬಹಳ ದಿನ ಹೇಳಿರಲಿಲ್ಲ.

ಬ್ರಿಸ್ಬೇನಿನಲ್ಲಿ ಒಂದು ವರ್ಷ ಸ್ಟಿಯರಿಂಗ್ ಮುಟ್ಟಲಿಲ್ಲ. ಇಂಡೂರೂಪಿಲ್ಲಿಯಿಂದ ಟ್ರೈನಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ, ಗಂಡ ಪಕ್ಕದಲ್ಲಿ ಕೂತು, ಮಾಲ್‌ನ ಖಾಲಿ ಪಾರ್ಕಿಂಗಿನಲ್ಲಿ ನನ್ನಿಂದ ಕಾರು ಓಡಿಸಿದರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಪ್ರತಿ ತಿರುವಿನಲ್ಲೂ ನಿಲ್ಲಿಸಿ, ಎಡಕ್ಕೆ ನೋಡಿ, ಮತ್ತೆ ಎಡಕ್ಕೇ ನೋಡುತ್ತಿದ್ದೆ. "ಯಾರೂ ಇಲ್ಲ, ಹೋಗು" ಎನ್ನುತ್ತಿದ್ದರು ಅವರು.