ಗಾಡಿಗೆ ಕೈ ಹಚ್ಚದ ಕಾಕಾ

ರೇಡಿಯೋ ಕಾಕಾನ ಮುಂದಿನ ಎರಡು ಹಲ್ಲುಗಳಲ್ಲಿ ಒಂದೊಂದು ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ವಾಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಬಿದ್ದ ಕಚ್ಚು ಅದು. ಹುನಗುಂದದ ನಮ್ಮ ಓಣಿಯ ತಿರುವಿನಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ನಿಂತರೆ ತಲೆ ಬಡಿಯುವ ಜಾಗ. ರೇಡಿಯೋ ಕಾಲ ಮುಗಿದ ಮೇಲೆ ಮಿಕ್ಸರ್, ಮೊಬೈಲ್, ಪಂಪಿನ ಸ್ಟಾರ್ಟರ್, ಏನು ತಂದರೂ ಬಿಚ್ಚುತ್ತಿದ್ದರು. ಗಿರಾಕಿಯ ಮಾತು ಮುಗಿಯುವ ಮೊದಲೇ ಅವರ ಕೈ ಸಾಮಾನಿನ ಮೇಲೆ ಇರುತ್ತಿತ್ತು. "ಬಾಯಿ ಸುಳ್ಳ ಹೇಳತೈತಿ, ವಾಯರ್ ಹೇಳಂಗಿಲ್ಲ" ಎನ್ನುತ್ತಿದ್ದರು. ಆ ಕಟ್ಟಡ ನನ್ನ ಗಂಡನ ಅಣ್ಣನದು.

ನಾನು ಆಗ ಮರೋಳದ ಸಾಲೆಯಲ್ಲಿ ಅತಿಥಿ ಶಿಕ್ಷಕಿ. ಬಸ್ಸಿನ ಹೊತ್ತು ಸಾಲೆಯ ಹೊತ್ತಿಗೆ ಹೊಂದುತ್ತಿರಲಿಲ್ಲವೆಂದು ಎರಡು ಗಾಲಿಯ ಒಂದು ಬ್ಯಾಟರಿ ಗಾಡಿ ತಗೊಂಡಿದ್ದೆ. ನಮ್ಮ ಮನೆಯಲ್ಲಿ ಭಾವ ಹೇಳಿದ್ದೇ ಮಾತು. ಹೊಸ್ತಿಲು ದಾಟಬೇಕೆಂದರೆ ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಎಂದು ಮೂರು ಪ್ರಶ್ನೆ. ಗಂಡ ಅಣ್ಣನೆದುರು ಬಾಯಿ ಬಿಡುವವನಲ್ಲ. ಆ ಗಾಡಿಯೊಂದೇ ನನಗೆ ಬಾಗಿಲು ಇದ್ದಂತೆ.

ಒಂದು ಅಮಾವಾಸ್ಯೆಯ ಮರುದಿನ ಗುಂಡಿ ಒತ್ತಿದರೆ ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ ಹತ್ತಲಿಲ್ಲ. ಡಿಸ್‌ಪ್ಲೇ ಹತ್ತದೆ ಆ ಗಾಡಿ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಮಾರಿದ ಅಂಗಡಿಗೆ ಫೋನ್ ಮಾಡಿದರೆ "ಬಾಗಲಕೋಟೆಗೆ ತಗೊಂಡ ಬರ್ರಿ" ಎಂದರು. ಹತ್ತದ ಗಾಡಿಯನ್ನು ತಲೆ ಮೇಲೆ ಹೊತ್ತುಕೊಂಡು ಹೋಗಲೇ? ಭಾವ ನೋಡಿ, "ಸುಟ್ಟೈತಿ ಅದು, ಗುಜರಿಗಿ ಹಾಕು. ಮನ್ಯಾಗ ಕೆಲಸೇನ್ ಕಡಿಮಿ ಐತೇನು?" ಎಂದರು. ನಾಲ್ಕು ದಿನ ಅಡುಗೆಮನೆಯ ಕಿಟಕಿಯ ಸರಳುಗಳನ್ನು ನೋಡುತ್ತ ರೊಟ್ಟಿ ಬಡಿದೆ. ಐದನೆಯ ದಿನ ಹೆಡ್ ಮಾಸ್ತರರ ಫೋನ್ ಬಂತು. ಸೋಮವಾರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅಂದು ಶನಿವಾರ. ಮಧ್ಯಾಹ್ನ ಭಾವ ಮಲಗಿದ್ದಾಗ ಗಾಡಿ ನೂಕಿಕೊಂಡು ಕಾಕಾನ ಅಂಗಡಿಗೆ ಹೋದೆ.

ನನ್ನನ್ನು ಕಂಡದ್ದೇ ತಡ, ಕಾಕಾ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಯವ್ವಾ, ನಾ ಈ ಗಾಡಿಗೆ ಕೈ ಹಚ್ಚಂಗಿಲ್ಲ" ಎಂದರು.

"ಹಂಗಂದ್ರ ಹೆಂಗ್ರಿ ಕಾಕಾ? ನನ್ನ ನೌಕರಿ ಹೊಕ್ಕೈತಿ."

"ನಾ ಹಚ್ಚಂಗಿಲ್ಲ ಅಂದ್ನಿ. ನೀ ಹಚ್ಚಬ್ಯಾಡ ಅಂದ್ನೇನು? ಮೊದಲ ಬ್ಯಾಟರಿ ಮ್ಯಾಲಿನ ಗುಂಡಿ ಒತ್ತಿ ನೋಡು."

ಒತ್ತಿದೆ. ನಾಲ್ಕು ಸಣ್ಣ ದೀಪಗಳೂ ಹತ್ತಿದವು.

"ಒಳಗ ಜೀವ ಐತಿ. ಹೊರಗ ಬರಾಕ ದಾರಿ ಇಲ್ಲಷ್ಟ" ಎಂದರು. ಗಾಡಿಯ ಮಾತೋ ನನ್ನ ಮಾತೋ, ಅವರಿಗೇ ಗೊತ್ತು.

ಆಮೇಲೆ ಎರಡು ತಾಸು ನಡೆದದ್ದು ನೆನಪಾದರೆ ಈಗಲೂ ಬೆವರುತ್ತೇನೆ. ಬ್ಯಾಟರಿ ತೆಗೆ ಎಂದರು, ತೆಗೆದೆ. ಯಾವ ಸ್ಕ್ರೂ ಯಾವ ತೂತಿನದು ಎಂದು ತಿಳಿಯುವಂತೆ ಸಾಲಾಗಿ ಇಡು ಎಂದರು, ಇಟ್ಟೆ. ಡಿಸ್‌ಪ್ಲೇದಿಂದ ಇಳಿದ ವಾಯರಿನ ಜೋಡಣೆಯನ್ನು ಎಳೆದಾಗ ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು. ಕಾಕಾ ಕಂಕುಳಿಂದ ಕೈ ತೆಗೆಯದೆ ಬಗ್ಗಿ ಮೂಸಿ ನೋಡಿದರು.

"ಅಮಾಸಿಗಿ ಕಾಯಿ ಎಲ್ಲಿ ಒಡಿತೀರಿ?"

ಪ್ರತಿ ಅಮಾವಾಸ್ಯೆ ಅತ್ತೆ ಗಾಡಿಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ, ಕಾಯಿ ಒಡೆದು, ಆ ನೀರನ್ನು ಡಿಸ್‌ಪ್ಲೇ ಮೇಲೆಯೇ ಸುರಿಯುತ್ತಿದ್ದರು. ಅದು ಗಾಡಿಯ ಮುಖವಂತೆ. ಹೇಳಿದೆ. ಕಾಕಾ ಕಚ್ಚುಬಿದ್ದ ಹಲ್ಲು ತೋರಿಸಿ ನಕ್ಕರು. "ಮನ್ಯಾಗ ಇದನ್ನ ಹೇಳಬ್ಯಾಡ. ಪೂಜಾದ ಮ್ಯಾಲ ತಪ್ಪ ಹಾಕಿದ್ರ ನಿನಗ ಜಗಳ. ಪೂಜಿ ಆಗೂಮಟಾ ಒಂದ ಪ್ಲಾಸ್ಟಿಕ್ ಚೀಲ ಕಟ್ಟು."

ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು ಮುಂದೆ ತಳ್ಳಿದರು. ತಿಕ್ಕಿದೆ, ಬಿಸಿಲಿಗೆ ಹಿಡಿದೆ. ಒಂದು ವಾಯರ್ ತುಂಡಾಗಿತ್ತು. ಅದರ ಸಿಪ್ಪೆ ಸುಲಿಯಲು ಕಾಕಾ ಅಭ್ಯಾಸಬಲದಿಂದ ಬಾಯಿ ಮುಂದೆ ತಂದವರು ಗಪ್ಪನೆ ಮುಚ್ಚಿಕೊಂಡು, "ನೀನ ಸುಲಿ" ಎಂದರು. ಎಷ್ಟು ಸೊಕ್ಕು ಈ ಮುದುಕನಿಗೆ ಎಂದು ಮನಸ್ಸಿನಲ್ಲೇ ಬೈಯುತ್ತ ಸುಲಿದೆ. ಬಾಯಲ್ಲೆಲ್ಲ ರಬ್ಬರಿನ ಕಹಿ. ತುಂಡಾದ ಎಳೆಗಳನ್ನು ಹೊಸೆದು, ಜೋಡಣೆಯ ಎರಡೂ ಕಡೆಯ ಬಾಣದ ಗುರುತು ಹೊಂದಿಸಿ ಕೂಡಿಸಿ, ಬ್ಯಾಟರಿ ಹಾಕಿ, ಗುಂಡಿ ಒತ್ತಿದಾಗ ಡಿಸ್‌ಪ್ಲೇ ಹತ್ತಿತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಸೋಮವಾರ ಸಾಲೆಗೆ ಹೋದೆ. ಆದರೂ ಸಿಟ್ಟು ಇಳಿಯಲಿಲ್ಲ. ಕೂತಲ್ಲೇ ಕೂತು ಹೆಣ್ಣುಮಗಳ ಕೈಲಿ ದುಡಿಸಿದ ಮೈಗಳ್ಳ ಎಂದು ಓಣಿಯ ನಾಲ್ಕು ಮಂದಿಯೆದುರು ಆಡಿಕೊಂಡೆ. ಅದು ಅವರ ಕಿವಿಗೂ ಬಿದ್ದಿರಬೇಕು. ಮುಂದೆ ಸಿಕ್ಕಾಗಲೆಲ್ಲ "ಹತ್ತತೈತೇನವಾ?" ಎಂದಷ್ಟೇ ಕೇಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಕಾಕೂ ನನ್ನ ಕೈ ಹಿಡಿದುಕೊಂಡರು.

"ನೀ ಗಾಡಿ ತರೂಕಿಂತ ಒಂದಿನ ಮೊದಲ ನಿಮ್ಮ ಭಾವ ಬಂದಿದ್ರವ್ವಾ. ಆಕಿ ಗಾಡಿಗಿ ಕೈ ಹಚ್ಚಿದ್ರ ಅಂಗಡಿ ಖಾಲಿ ಮಾಡು ಅಂತ ಹೇಳಿ, ಬೀರಪ್ಪನ ಭಂಡಾರ ಮುಟ್ಟಿಸಿ ಆಣಿ ಮಾಡಿಸಿಕೊಂಡ್ರು. ನಮಗ ಬ್ಯಾರೆ ಜಾಗಾ ಎಲ್ಲೈತಿ? ಇವರು ಭಂಡಾರ ಮುಟ್ಟಿದ್ರು. ನಿಮ್ಮ ಭಾವ ಗಾಡಿ ನಡಿಯೂದ ನೋಡಿ ಮತ್ತ ಬಂದು ಒದರ್ಯಾಡಿದ್ರ ಇವರು, 'ಇಲ್ರಿ ಸಾವಕಾರ್ರ, ಆಕಿನ ಬಿಚ್ಚಿದ್ಲು, ಆಕಿನ ಕೂಡಿಸಿದ್ಲು. ಬೇಕಾದ್ರ ಮತ್ತೊಮ್ಮಿ ಭಂಡಾರ ಮುಟ್ಟತೇನಿ' ಅಂದ್ರು."

ನಾನು ಆಡಿಕೊಂಡ ಮಾತನ್ನು ಹಿಂದಕ್ಕೆ ತಗೊಳ್ಳಲು ಆ ಮನುಷ್ಯನೇ ಇರಲಿಲ್ಲ.

ಮನೆಗೆ ಬಂದರೆ ಭಾವ ಕಟ್ಟೆಯ ಮೇಲೆ ಕುಳಿತಿದ್ದರು. "ರೇಡಿಯೋದವ ಹ್ವಾದನಂತ. ಇನ್ನ ನಿನ್ನ ಗಾಡಿ ಕೆಟ್ರ ಯಾರ ಮಾಡವ್ರು?" ಎಂದು ಕೇಳಿದರು.

ಅಷ್ಟು ವರ್ಷ ಅವರೆದುರು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲೇ ನಿಂತೆ.

"ಆವತ್ತೂ ನಾನ ಮಾಡೇನ್ರಿ" ಎಂದೆ.