ಸಿಡಿಲ ಕಂಬಿಯ ನಟ್ಟು

ಸತ್ತವರು ಬರುತ್ತಾರೆ, ದೈವ ಬಂದು ಕಾಯುತ್ತದೆ ಎಂದೆಲ್ಲ ಹೇಳುವವರನ್ನು ನಾನು ನಂಬಿದವಳಲ್ಲ. ಅಂಥ ಕಥೆ ಶುರುವಾದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಬೇಕಾಗಿದೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನನ್ನ ಗಂಡ ಚೆನ್ನೈಯ ನುಂಗಂಬಾಕ್ಕಂನಲ್ಲಿ ನಮ್ಮೂರ ಕಡೆಯವರ ಹೋಟೆಲಿನಲ್ಲಿ ಅಡುಗೆಗಿದ್ದರು. ಅವರು ತೀರಿಹೋದ ಮೇಲೆ ಹೋಟೆಲಿನ ಧಣಿಗಳು ನನ್ನನ್ನು ತಮ್ಮ ಬಾಳೆತೋಟ ನೋಡಿಕೊಳ್ಳಲು ಕಳಿಸಿದರು. ಚೆನ್ನೈ ಮುಗಿದ ಮೇಲೆ ಉತ್ತರದ ಬಯಲಿನಲ್ಲಿ ತೋಟ. ಹೋಟೆಲಿನ ಊಟದ ಎಲೆ ಅಲ್ಲಿಂದಲೇ ಹೋಗಬೇಕು. ಬೆಳಿಗ್ಗೆ ಎಲೆ ಕೊಯ್ಯುವವರು ಬಂದು ಹೋದರೆ ಮರುದಿನದವರೆಗೆ ಮನುಷ್ಯರ ಮುಖವಿಲ್ಲ. ಮಾತಿಲ್ಲದೆ ಬಾಯಿ ಒಣಗಿದರೆ ಬಾಳೆಗೇ ಬೈಯಬೇಕು.

ಅಲ್ಲಿಗೆ ಕರೆಂಟಿನ ಲೈನು ಬಂದಿಲ್ಲ. ಬಿಸಿಲಿನಲ್ಲಿ ನಡೆಯುವ ಸೋಲಾರ್ ಪಂಪು, ನಾನು ಮಲಗುವ ತಗಡಿನ ಶೆಡ್ಡಿನಲ್ಲೇ ಅದರ ಬ್ಯಾಟರಿ. ಸುತ್ತ ಎತ್ತರದ್ದು ಏನೂ ಇಲ್ಲ, ಹಾಗಾಗಿ ಸಿಡಿಲಿಗೆ ಕಾಣುವುದು ನಾವೇ. ಒಮ್ಮೆ ಪಂಪಿನ ಪೆಟ್ಟಿಗೆ ಸುಟ್ಟುಹೋದ ಮೇಲೆ ಪೆರಂಬೂರಿನ ಎಲೆಕ್ಟ್ರಿಷಿಯನ್ ಸೆಲ್ವಂ ಬಂದು ಶೆಡ್ಡಿನ ಪಕ್ಕ ಕಂಬ ನೆಟ್ಟು, ತುದಿಗೆ ಸಿಡಿಲ ಕಂಬಿ ಕೂರಿಸಿದ. ಅಲ್ಲಿಂದ ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಉಪ್ಪು ತುಂಬಿದ ಗುಂಡಿಯಲ್ಲಿ ಹೂತ ಕಬ್ಬಿಣದ ಕೊಳವೆಗೆ ಬೋಲ್ಟು ನಟ್ಟು ಹಾಕಿ ಬಿಗಿದ. ಸಿಡಿಲು ಪಟ್ಟಿಯಲ್ಲೇ ಇಳಿದು ಮಣ್ಣಿಗೆ ಹೋಗಬೇಕು. ಅದಕ್ಕೆ ಗುಂಡಿ ಒಣಗಬಾರದು. ದಿನಾ ಸಂಜೆ ಒಂದು ಕೊಡ ನೀರು ಹೊಯ್ಯುವುದು ನನ್ನ ಕೆಲಸ.

ಒಂದು ದಿನ ಹೋಟೆಲಿನ ಮ್ಯಾನೇಜರ್ ಶೀನ ತೋಟ ನೋಡಲು ಬಂದ. ಬಂದವನ ಕಣ್ಣು ಬಿದ್ದದ್ದು ಬಾಳೆಯ ಮೇಲಲ್ಲ, ಪಟ್ಟಿಯ ಮೇಲೆ.

"ಎಂತ ಅಮ್ಮ ಇದು, ತಾಮ್ರ ಹೀಗೆ ಕಿಲುಬು ಹಿಡಿದಿದೆ? ನಮ್ಮಲ್ಲಿ ಕಾಫಿ ಪಾತ್ರೆ ಹೀಗಿದ್ರೆ ಗಿರಾಕಿ ಒಳಗೆ ಕಾಲಿಡುದಿಲ್ಲ."

"ಇಲ್ಲಿಗೆ ಬರುವ ಗಿರಾಕಿ ಸಿಡಿಲು ಮಾರಾಯ. ಅದು ಬಾರದಿದ್ರೆ ಒಳ್ಳೇದೇ."

ಕೇಳಲಿಲ್ಲ. ಎಲೆಯ ವ್ಯಾನಿನವನ ಸ್ಪ್ಯಾನರ್ ತೆಗೆದುಕೊಂಡು ನಟ್ಟು ಬಿಚ್ಚಿ, ಪಟ್ಟಿಯ ಕೆಳತುದಿಯನ್ನು ಹುಣಸೆಹಣ್ಣಿನಲ್ಲಿ ಫಳಫಳ ಉಜ್ಜಿದ. ಅಷ್ಟರಲ್ಲಿ ವ್ಯಾನಿನವನು ಅವಸರ ಮಾಡಿ ಸ್ಪ್ಯಾನರ್ ಕಿತ್ತುಕೊಂಡು ಹೊರಟ. ಶೀನ ಕೈಯಲ್ಲೇ ನಟ್ಟು ತಿರುಗಿಸಿ, "ಸಾಕು, ಗಟ್ಟಿ ಉಂಟು" ಎಂದು ಬೈಕ್ ಹತ್ತಿದ.

ಅವತ್ತೇ ಸಂಜೆ ಮೋಡ ಕವಿಯಿತು. ನಾನು ಎಂದಿನಂತೆ ಗುಂಡಿಗೆ ಕೊಡ ಬಗ್ಗಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಗುಂಡಿಯಿಂದ ಬಾಗಿಲವರೆಗೆ ಹಿಂದೆ ಹಿಂದೆ ಸರಿಯುತ್ತ ಹಿಡಿಸೂಡಿಯಲ್ಲಿ ಗುಡಿಸಿ ಒಳಗೆ ಬಂದೆ. ಮಳೆಯಿಲ್ಲ, ಬರೀ ಗಾಳಿ ಮತ್ತು ಗುಡುಗು. ಸ್ವಲ್ಪ ಹೊತ್ತಿಗೆ ಹೊರಗೆ ಟಣ್ ಟಣ್ ಎಂದು ಬಡಿಯತೊಡಗಿತು. ಬಾಗಿಲು ಸರಿಸಿ ನೋಡಿದರೆ ನಟ್ಟು ಬಿದ್ದುಹೋಗಿ, ಪಟ್ಟಿಯ ತುದಿ ಗಾಳಿಗೆ ಶೆಡ್ಡಿನ ತಗಡಿಗೆ ಹೊಡೆಯುತ್ತಿತ್ತು. ಮಣ್ಣಿಗೆ ಹೋಗಬೇಕಾದ ಸಿಡಿಲು ಇನ್ನು ನೇರ ನನ್ನ ಗೋಡೆಗೇ ಬರುತ್ತದೆ. ಅಷ್ಟು ತಿಳಿಯಲು ನನಗೆ ಓದು ಬೇಕಿರಲಿಲ್ಲ.

ಸೆಲ್ವಂಗೆ ಫೋನ್ ಮಾಡಿದೆ. ಹೋಟೆಲಿನವರ ಜೊತೆ ತಿರುಗಿ ಅವನಿಗೆ ಅರ್ಧಂಬರ್ಧ ಕನ್ನಡ ಬರುತ್ತದೆ, ನನ್ನನ್ನು ಮಾತ್ರ ತಮಿಳಿನಲ್ಲೇ ಪಾಟಿ, ಅಜ್ಜಿ, ಎನ್ನುತ್ತಾನೆ.

"ಪಾಟಿ, ತೊಡಾದೀಂಗ, ಮುಟ್ಟಬೇಡಿ! ಹೊರಗೆ ಹೋಗಬೇಡಿ! ಮಂಚ ನಡುವಲ್ಲಿ ಹಾಕಿ, ಕಾಲು ಮೇಲೆ ಇಟ್ಟು ಕೂತ್ಕೊಳ್ಳಿ. ನಾನ್ ಕಾಲೈಲ ಬರ್ತೀನಿ."

"ಬೆಳಿಗ್ಗೆ ಬಂದು ಎಂತ ಮಾಡ್ತೀ, ಬೂದಿ ಗುಡಿಸ್ಲಿಕ್ಕಾ?" ಎಂದೆ. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ಮಂಚವನ್ನು ನಡುವಿಗೆ ಎಳೆದು ಕುಳಿತೆ. ದೇವರನ್ನು ಕರೆಯಲಿಲ್ಲ, ಕರೆಯಲು ಬೇರೆ ಯಾರೂ ಇರಲಿಲ್ಲ. ಕಾದ ಕಾವಲಿಗೆ ನೀರು ಹನಿಸಿದ ಹಾಗೆ ತಗಡು ಚುರುಚುರು ಎನ್ನತೊಡಗಿತು. ತೋಳಿನ ರೋಮ ತಾನಾಗಿ ಎದ್ದು ನಿಂತವು.

ಆಗ ಬಡಿತ ನಿಂತಿತು. ಗಾಳಿ ಬೀಸುತ್ತಲೇ ಇತ್ತು, ಪಟ್ಟಿ ಮಾತ್ರ ಬಡಿಯಲಿಲ್ಲ. ಆಮೇಲೆ ಗುಂಡಿಯ ಕಡೆಯಿಂದ ಕಿರ್‍ ಕಿರ್‍ ಎಂದು ಕಬ್ಬಿಣ ತಿರುಗಿಸುವ ಸದ್ದು. ಅವಸರವಿಲ್ಲದ ಸದ್ದು. ತಗಡಿನ ಆಚೆ ಯಾರೋ ಉಸಿರು ಬಿಟ್ಟರು, ಬಗ್ಗಿ ಕೆಲಸ ಮಾಡುವವರು ಬಿಡುವ ಹಾಗೆ.

"ಯಾರದು?" ಎಂದೆ. ತಿರುಗಿಸುವ ಸದ್ದು ನಿಂತಿತು. "ಕೆಲಸ ಮುಗಿದಿದ್ರೆ ಒಳಗೆ ಬನ್ನಿ, ಹೊರಗೆ ಸಾಯ್ತೀರಿ" ಎಂದೆ.

ಆಗಲೇ ಸಿಡಿಲು ಬಿತ್ತು. ಕಂಬಿಗೇ ಬಿತ್ತು. ಕಣ್ಣು ಬೆಳ್ಳಗಾಯಿತು, ಕಿವಿ ಮುಚ್ಚಿಹೋಯಿತು. ಶೆಡ್ಡು ನಿಂತಿತ್ತು. ನಾನೂ ಇದ್ದೆ.

ಬೆಳಿಗ್ಗೆ ಸೆಲ್ವಂ ಬಂದು ನೋಡಿದ. ಪಟ್ಟಿ ಕೊಳವೆಗೆ ಕೂತಿತ್ತು, ನಟ್ಟು ಎಷ್ಟು ಬಿಗಿಯೆಂದರೆ ಅವನ ಸ್ಪ್ಯಾನರಿಗೂ ಜಗ್ಗಲಿಲ್ಲ.

"ಯಾರು ಪಾಟಿ ಮಾಡಿದ್ದು?"

"ನೀನಲ್ವಾ?"

"ನಾನು ಪೆರಂಬೂರಲ್ಲಿದ್ದೆ, ಸತ್ಯಮಾ."

ರಾತ್ರಿಯೂ ಮಳೆ ಬಂದಿರಲಿಲ್ಲ. ಗುಂಡಿಯ ಸುತ್ತ ನೀರು ಹೊಯ್ದ ಮಣ್ಣು ಮೆತ್ತಗೇ ಇತ್ತು. ಅದರ ಮೇಲೆ ಸೆಲ್ವಂ ಈಗ ಇಟ್ಟ ಹೆಜ್ಜೆ ಬಿಟ್ಟರೆ ಇನ್ನೊಂದಿಲ್ಲ. ನನ್ನ ಹಿಡಿಸೂಡಿಯ ಗೆರೆಗಳು ಎಳೆದ ಹಾಗೇ ಇದ್ದವು.

ಸಿಡಿಲಿನ ಕಾವಿಗೇ ಬೆಸೆದುಕೊಂಡಿರಬೇಕು, ಅದಕ್ಕೇ ಬಿಗಿ ಎಂದ ಸೆಲ್ವಂ. ಇರಬಹುದು. ಆದರೆ ಬಿದ್ದ ನಟ್ಟನ್ನು ಹೆಕ್ಕಿ ಹಾಕಿದ್ದು ಯಾರು? ಆಮೇಲೆ ಸುದ್ದಿ ಕೇಳಿದ ಶೀನ, ನಿಮ್ಮ ಯಜಮಾನರೇ ಬಂದದ್ದು ಎಂದ. ನನ್ನ ಗಂಡನಿಗೆ ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ, ಬಲ್ಬು ಬದಲಿಸಲೂ ನನ್ನನ್ನೇ ಕರೆಯುತ್ತಿದ್ದರು.

ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಗುಡುಗು ಬಂತು, ಕಿವಿಗೊಟ್ಟು ಕುಳಿತೆ, ಯಾರೂ ಬರಲಿಲ್ಲ. ಆ ತೋಟದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಗೋಡೆಯಾಚೆ ಇನ್ನೊಬ್ಬರಿದ್ದದ್ದು ಅದೊಂದೇ ಸಂಜೆ.