ಡಾಕ್ಟರರ ಖುರ್ಚಿ ಮುಂದೆ ಸರಿಯಬೇಕು

ಈ ಬೇಸಿಗೆಗೆ ಮತ್ತೆ ಮನೆಗೆ ಆ ಕಾಗದ ಬಂದಿದೆ. ಮಗ ಸೋಹಮ್‌ನ ಶಾಲೆಯವರು ಪನ್ಹಾಳಾ ಕಡೆಯ ಗುಡ್ಡದ ಮೇಲೆ ಶಿಬಿರ ನಡೆಸುತ್ತಾರೆ. ಹೋಗುವ ಮಕ್ಕಳನ್ನು ಡಾಕ್ಟರರು ಪರೀಕ್ಷಿಸಿ, ಈ ಮಗು ಗುಡ್ಡ ಹತ್ತಲು, ಈಜಲು ಗಟ್ಟಿಯಿದೆ ಎಂದು ಸಹಿ ಹಾಕಿಕೊಡಬೇಕು. ಮಗರಾಯ ಕಾಗದವನ್ನು ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡು ಬಂದಿದ್ದರಿಂದ ಅದಕ್ಕೆಲ್ಲ ಮಾವಿನ ಉಪ್ಪಿನಕಾಯಿಯ ವಾಸನೆ. ಎತ್ತರ, ತೂಕ, ಲಸಿಕೆ, ಒಗ್ಗದ ಔಷಧ, ಎಲ್ಲ ತುಂಬಿದೆ. ಕೊನೆಯಲ್ಲೊಂದು ಪ್ರಶ್ನೆ: ತಂದೆತಾಯಿಗೆ ಏನಾದರೂ ಕಾಯಿಲೆ ಇದೆಯೇ?

ಅಲ್ಲಿ ಪೆನ್ನು ನಿಂತಿತು. ಕೆಲವು ದಿನಗಳಿಂದ ನಾನು ಕೆಲಸ ಮಾಡುವ ಅರಿಶಿನದ ಗೋದಾಮಿನ ಮೆಟ್ಟಿಲು ಹತ್ತುವಾಗ ನನ್ನ ಎದೆಯನ್ನು ಯಾರೋ ಮುಷ್ಟಿಯಲ್ಲಿ ಹಿಡಿದಂತಾಗುತ್ತಿದೆ. ಅದಕ್ಕೆ ನಾನೇ ಪಿತ್ತವೆಂದು ಹೆಸರಿಟ್ಟು, ಯಾರಿಗೂ ಹೇಳದೆ ಸೋಡಾ ಕುಡಿದುಕೊಂಡು ಓಡಾಡುತ್ತಿದ್ದೇನೆ. ‘ಇಲ್ಲ’ ಎಂದು ಬರೆದು ಕಾಗದ ಮಡಚಿದೆ. ಮಡಚುವಾಗ ಆ ಉಪ್ಪಿನಕಾಯಿಯ ಘಮ ಮೂಗಿಗೆ ಹೊಡೆದು, ನೀಲಾ ಮಾವಶಿ ನೆನಪಾದಳು.

ಮಾವಶಿ ನನ್ನ ಅವ್ವನ ತಂಗಿ. ನಾನು ಇನ್ನೂ ಚಡ್ಡಿ ಹಾಕಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಸಾಕಿ ಬೆಳೆಸಿದವಳು ಮಾವಶಿ. ಅವಳು ದವಾಖಾನೆಗೆ ಹೊರಟರೆ ಚೀಲದಲ್ಲಿ ರೊಟ್ಟಿ, ಉಪ್ಪಿನಕಾಯಿ ಇರಲೇಬೇಕು. ದವಾಖಾನೆಗೆ ಹೊರಡುವುದೇನು ಅಪರೂಪವೇ? ಗಡಿಯಾಚೆ ಮಹಾರಾಷ್ಟ್ರದಲ್ಲಿರುವ, ದವಾಖಾನೆಗಳಿಗೆ ಹೆಸರಾದ ನಮ್ಮ ಮಿರಜಿಗೆ ಜನ ದರ್ಗಾಕ್ಕೂ ಬರುತ್ತಾರೆ, ಸಿತಾರು ಕೊಳ್ಳಲೂ ಬರುತ್ತಾರೆ. ನಮ್ಮ ಮನೆಗೆ ಬರುವವರು ಮಾತ್ರ ಎಕ್ಸ್‌ರೇ ಹಿಡಿದುಕೊಂಡೇ ಬರುತ್ತಿದ್ದರು. ಅಥಣಿಯ ಬೀಗರು, ರಾಯಬಾಗದ ದೂರದ ನೆಂಟರು, ಅವರ ಪಕ್ಕದ ಮನೆಯವರು, ಹೀಗೆ. ಕೆಲವರು ನಮಗೆ ಏನಾಗಬೇಕೆಂದು ಅವರು ಗುಣವಾಗಿ ಊರಿಗೆ ಹೋದಮೇಲೂ ನಮಗೆ ತಿಳಿಯುತ್ತಿರಲಿಲ್ಲ. ಅವರಿಗೆ ಮರಾಠಿ ಬಾರದು, ನನಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ಹಾಗಾಗಿ ಎಲ್ಲರನ್ನೂ ಕರೆದುಕೊಂಡು ಹೋಗಿ, ಅವರ ಪರವಾಗಿ ಡಾಕ್ಟರರ ಮುಂದೆ ಮಾತಾಡುವ ವಕಾಲತ್ತು ಮಾವಶಿಯದು.

ಈ ವಕೀಲಿಕೆಗೆ ಅವಳದೇ ಒಂದು ಕಾಯ್ದೆ ಇತ್ತು. ದಾರಿಯಲ್ಲೇ ರೋಗಿಗೆ ಪಾಠ ಮಾಡುತ್ತಿದ್ದಳು: “ಡಾಕ್ಟರ ಮುಂದ ಕಡಿಮಿ ಮಾಡಿ ಹೇಳಬ್ಯಾಡ. ಅವರಿಗೆ ಹೊತ್ತು ಇರೂದಿಲ್ಲ, ಹೊರಗ ಮಂದಿ ಕುಂತಿರತಾರ. ನೀ ಮೊದಲನೇ ಮಾತು ಆಡಿದಕೂಡ್ಲೇ ಅವರ ಖುರ್ಚಿ ಮುಂದ ಸರೀಬೇಕು.” ಮಾವಶಿಯ ಬಾಯಿಂದ ಬಂದರೆ ಎರಡು ದಿನದ ಜ್ವರ ಎಂಟು ದಿನದ್ದಾಗುತ್ತಿತ್ತು, ಒಂದು ಸಲ ವಾಂತಿ ಮಾಡಿಕೊಂಡವನು ನೀರೂ ದಕ್ಕದವನಾಗುತ್ತಿದ್ದ. ನಮ್ಮ ಹಳೆಯ ಡಾಕ್ಟರರಿಗೆ ಇದು ಗೊತ್ತಿತ್ತು. ಮಾವಶಿ ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದರ್ಧಕ್ಕೆ ಔಷಧ ಬರೆಯುತ್ತಿದ್ದರು.

ನನ್ನ ಮಗಳು ಗೌರಿ ಈಗ ಕಾಲೇಜಿಗೆ ಹೋಗುತ್ತಾಳೆ. ಅವಳು ಸೋಹಮ್‌ನಷ್ಟಿದ್ದಾಗ ಇದೇ ಶಿಬಿರದ ಕಾಗದ ಮೊದಲ ಸಲ ಮನೆಗೆ ಬಂತು. ಮಾವಶಿಗೆ ಅದು ಯಾಕೆಂದೇ ಅರ್ಥವಾಗಲಿಲ್ಲ. “ಆರಾಮ ಇದ್ದ ಕೂಸಿನ್ನ ದವಾಖಾನಿಗೆ ಒಯ್ಯೂದಂದ್ರ ಏನೋ? ಜಡ್ಡಿಗೆ ಮನಿ ದಾರಿ ತೋರಿಸಿದಂಗ ಆತು” ಎಂದು ಗೊಣಗಿದಳು. ಗೊಣಗಿದವಳೇ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು, ನಮಗಿಂತ ಮೊದಲು ರಿಕ್ಷಾದಲ್ಲಿ ಕೂತಿದ್ದಳು. ಗೌರಿ ದಾರಿಯುದ್ದಕ್ಕೂ ಗುಡಾರ, ಗೆಳತಿಯರು, ಯಾರ ಪಕ್ಕ ಯಾರು ಮಲಗಬೇಕು ಎಂದು ಮರಾಠಿಯಲ್ಲಿ ಹರಟುತ್ತಿದ್ದಳು. ಕಾಗದವನ್ನು ಮರುದಿನವೇ ಶಾಲೆಗೆ ಕೊಡಬೇಕಿತ್ತು.

ಹಳೆಯ ಡಾಕ್ಟರರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಆ ಖುರ್ಚಿಯಲ್ಲಿ ಹೊಸದಾಗಿ ಬಂದ ಡಾಕ್ಟರಬಾಯಿ, ಚಿಕ್ಕೋಡಿ ಕಡೆಯವರು. ಕನ್ನಡ ಕೇಳಿದ್ದೇ ತಡ, ಮಾವಶಿಯ ಮುಖ ಅರಳಿತು. ಅಷ್ಟು ವರ್ಷ ಮರಾಠಿಯಲ್ಲಿ ವಾದ ಮಾಡಿದವಳಿಗೆ ತಾಯಿನುಡಿಯ ಕೋರ್ಟು ಸಿಕ್ಕಿತ್ತು. ಡಾಕ್ಟರಬಾಯಿ ಗೌರಿಯನ್ನು ನೋಡಿ ನಗುತ್ತ, “ಏನಾರ ತ್ರಾಸ ಐತೇನ್ರಿ?” ಎಂದು ಕೇಳಿದರು. ಗೌರಿ ಬಾಯಿ ತೆರೆಯುವಷ್ಟರಲ್ಲಿ ಮಾವಶಿ ಶುರು ಮಾಡಿದ್ದಳು.

“ಐತ್ರಿ ಡಾಕ್ಟರಬಾಯಿ, ಭಾಳ ಐತಿ. ಉಬ್ಬಸ ಬಂತಂದ್ರ ಕೂಸು ನೀಲಿ ಆಗತೈತಿ. ನಾಕ ಹೆಜ್ಜಿ ಇಟ್ರ ದಮ್ಮು. ರಾತ್ರಿ ಎಲ್ಲಾ ಕುಂತ ಬೆಳಗ ಮಾಡತಾಳ.”

ಗೌರಿ ಕೂಸಾಗಿದ್ದಾಗ ಅವಳಿಗೆ ಒಂದಿಷ್ಟು ಉಬ್ಬಸ ಇದ್ದದ್ದು ನಿಜ. ಶಾಲೆಗೆ ಹೋಗಲು ಹತ್ತಿದ ಮೇಲೆ ಅದರ ಸುಳಿವೂ ಇರಲಿಲ್ಲ. ಆದರೆ ಈ ಡಾಕ್ಟರಬಾಯಿಗೆ ಅರ್ಧ ಕಳೆಯುವ ಲೆಕ್ಕ ಗೊತ್ತಿರಲಿಲ್ಲ. ಅವರು ಎಲ್ಲವನ್ನೂ ಬರೆದುಕೊಂಡರು. ನಾನು ನಡುವೆ “ಹಂಗೇನಿಲ್ರಿ” ಎಂದೆ. ಡಾಕ್ಟರಬಾಯಿ ನನ್ನತ್ತ ನೋಡಿದ ನೋಟದಲ್ಲೇ, ಶಿಬಿರದ ಆಸೆಗೆ ಮಗಳ ರೋಗ ಮುಚ್ಚಿಡುವ ತಂದೆ ನಾನಾಗಿದ್ದೆ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ಹಿಂಗಿದ್ರ ನನಗ ಸಹಿ ಮಾಡಾಕ ಆಗೂದಿಲ್ರಿ. ಮೊದಲ ಎದಿ ತಪಾಸ ಆಗಬೇಕು. ಈ ವರ್ಷ ಶಿಬಿರ ಬ್ಯಾಡ.”

ಗೌರಿ ಅಳಲಿಲ್ಲ. ಮಾವಶಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಆಜೀ, ತೂ ಖೋಟಂ ಕಾ ಬೋಲತೇಸ?” ಅಜ್ಜಿ, ನೀನು ಸುಳ್ಳು ಯಾಕೆ ಹೇಳುತ್ತೀ?

ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಷ್ಟು ವರ್ಷ ಅವಳ ಸುಳ್ಳಿಗೆ ನಾವೆಲ್ಲ ನಕ್ಕು ಬಿಟ್ಟಿದ್ದೆವು. ಮಾವಶಿ ಚೀಲದ ಹಿಡಿಕೆಯನ್ನು ತಿರುವುತ್ತ ಕೂತಳು. ಆಮೇಲೆ, ಗೌರಿಗೋ ಡಾಕ್ಟರರಿಗೋ ನನಗೋ, ಯಾರಿಗೆಂದು ತಿಳಿಯದ ಹಾಗೆ ಹೇಳಿದಳು:

“ನಮ್ಮಕ್ಕನ್ನ, ಇವನ ಅವ್ವನ್ನ, ನಾನ ಕರಕೊಂಡ ಬಂದಿದ್ದೆ. ಹೊಟ್ಟಿ ಹಿಡಕೊಂಡ ಮನಿಯಾಗ ಹೊರಳ್ಯಾಡಿದ್ಳು. ಡಾಕ್ಟರ ಕೇಳಿದ್ರ, ‘ಏನಿಲ್ರಿ, ಸ್ವಲ್ಪ ನೋಯ್ತೈತಿ’ ಅಂದ್ಳು. ಪರಗಂಡಸಿನ ಮುಂದ ನಾಚಿಕಿ. ನಾ ಸಣ್ಣಾಕಿ, ನಾನೂ ಬಾಯಿ ತೆರೀಲಿಲ್ಲ. ಸ್ವಲ್ಪ ನೋವಿಗೆ ಏನ ಗುಳಿಗಿ ಕೊಡಬೇಕೋ ಅದನ್ನ ಕೊಟ್ರು. ಅವರ ತಪ್ಪಲ್ರಿ. ನಾವು ಹೇಳಲಿಲ್ಲ. ಆ ವಾರ ದಾಟಲಿಲ್ಲ ಆಕಿ.”

ಅವ್ವ ಹೊಟ್ಟೆನೋವಿನಿಂದ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಅವಳ ಮುಖ ನನಗೆ ನೆನಪಿಲ್ಲ, ದನಿಯೂ ನೆನಪಿಲ್ಲ. ಆ ದಿನ ಮೊದಲ ಬಾರಿಗೆ ಅವ್ವ ಆಡಿದ ಒಂದು ಮಾತು ಕೇಳಿದೆ, ಅದೂ ‘ಏನಿಲ್ರಿ’ ಎಂಬ ಮಾತು. ನನಗೆ ಅಳು ಬಂತು. ಡಾಕ್ಟರಬಾಯಿ ಇದ್ದಾರೆಂದು ಕಿಟಕಿಯ ಕಡೆ ತಿರುಗಿದೆ.

ಡಾಕ್ಟರಬಾಯಿ ಕಾಗದವನ್ನು ಬದಿಗಿಟ್ಟರು. ಖುರ್ಚಿಯನ್ನು ಮುಂದೆ ಸರಿಸಿದರು. ಕೊರಳಿನ ಸ್ಟೆತಾಸ್ಕೋಪ್ ತೆಗೆದು ಮಾವಶಿಯ ಕಿವಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಗೌರಿಯ ಎದೆಗೆ ಹಿಡಿದರು. “ಕೇಳ್ರಿ ಅಜ್ಜಿ. ನೀವ ಹೇಳ್ರಿ ನನಗ.” ಎಷ್ಟೋ ಜನರನ್ನು ಆ ಕೋಣೆಗೆ ತಂದ ಮಾವಶಿ ಒಳಗಿನ ಸದ್ದನ್ನು ಎಂದೂ ಕೇಳಿದವಳಲ್ಲ. ಬಾಯಿ ತೆರೆದುಕೊಂಡು ಕೇಳಿದಳು. “ಅಯ್ಯ, ಯಾರೋ ಒಳಗ ರೊಟ್ಟಿ ಬಡಿಲಿಕತ್ತಾರಲ್ರಿ!” ಗೌರಿ ಕಿಲಕಿಲ ನಕ್ಕಳು.

“ಉಸುರಿನ್ಯಾಗ ಸೀಟಿ ಹೊಡದಂಗ ಏನರ ಕೇಳತೈತೇನ್ರಿ?”

“ಇಲ್ರಿ.”

“ಹಂಗಾರ ಈಗ ಖರೇ ಹೇಳ್ರಿ. ಸಣ್ಣದು ಹೇಳಿದ್ರೂ ನಾ ಪೂರ್ತಿ ಕೇಳತೀನಿ.”

ಮಾವಶಿ ಹೇಳಿದಳು. ಕೂಸಾಗಿದ್ದಾಗ ಉಬ್ಬಸ ಇತ್ತು, ಈಗಿಲ್ಲ. ಆಮೇಲೆ, ಜನ್ಮದಲ್ಲೇ ಯಾವ ಡಾಕ್ಟರರ ಮುಂದೆಯೂ ಆಡದ ಮಾತನ್ನು ಕಷ್ಟಪಟ್ಟು ಆಡಿದಳು: “ಆರಾಮ ಅದಾಳ್ರಿ.” ಡಾಕ್ಟರಬಾಯಿ ಗೌರಿಯನ್ನು ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ, ಮತ್ತೆ ತಾವೇ ಎದೆ ಬೆನ್ನು ಪರೀಕ್ಷಿಸಿ, ಹಳೆಯ ಉಬ್ಬಸದ ವಿಷಯವನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿದರು. ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಮೂವರೂ ರೊಟ್ಟಿ ಉಪ್ಪಿನಕಾಯಿ ತಿಂದೆವು. ಗೌರಿ ಶಿಬಿರಕ್ಕೆ ಹೋಗಿ, ಮೊಣಕಾಲು ತರಚಿಕೊಂಡು, ಕರ್ರಗಾಗಿ ಬಂದಳು. ಆ ತರಚಿದ ಗಾಯವನ್ನು ಮಾವಶಿ ಓಣಿಗೆಲ್ಲ ಮೂಳೆ ಮುರಿದಿದೆ ಎಂದೇ ಹೇಳಿದಳು. ಅದು ಡಾಕ್ಟರರ ಮುಂದಲ್ಲವಲ್ಲ.

ಮಾವಶಿ ಈಗಿಲ್ಲ. ಇವತ್ತು ಸೋಹಮ್‌ನನ್ನು ಕರೆದುಕೊಂಡು ಹೋದವನು ನಾನೊಬ್ಬನೇ. ಅದೇ ಡಾಕ್ಟರಬಾಯಿ, ಕೂದಲಿಗೆ ಸ್ವಲ್ಪ ಬೆಳ್ಳಿ ಬಂದಿದೆ. ಹುಡುಗನನ್ನು ನೋಡಿದರು, ಕುಣಿಸಿದರು, ಸಹಿ ಹಾಕಿದರು. ಕಾಗದ ಕೈಗೆ ಕೊಡುವಾಗ ನನ್ನ ಮುಖ ನೋಡಿ ಕೇಳಿದರು: “ನೀವ ಹೆಂಗದೀರಿ?”

“ಏನಿಲ್ರಿ, ಸ್ವಲ್ಪ...” ಎಂದೆ.

ಅಂದವನು ಅಲ್ಲೇ ನಿಂತೆ. ನೆನಪಿಲ್ಲದ ಅವ್ವನ ದನಿ ನನ್ನ ಬಾಯಿಂದ ಬಂದಿತ್ತು. ಸೋಹಮ್ ನನ್ನ ಬೆರಳು ಹಿಡಿದು, ಮನೆಗೆ ಹೋಗೋಣವೆಂದು ಎಳೆಯುತ್ತಿದ್ದ. ಕೊಟ್ಟ ಕಾಗದವನ್ನು ತಿರುಗಿ ಮೇಜಿನ ಮೇಲಿಟ್ಟು ಕೂತೆ.

“ಇಲ್ರಿ ಡಾಕ್ಟರಬಾಯಿ, ಸ್ವಲ್ಪ ಅಲ್ಲ. ಮೆಟ್ಟಲ ಹತ್ತಿದ್ರ ಎದಿ ಹಿಡಿತೈತಿ. ಎಡಗೈತನಾ ಬರತೈತಿ. ಅಂಜಿಕಿ ಬಂದೈತ್ರಿ ನನಗ.”

ಡಾಕ್ಟರಬಾಯಿ ಖುರ್ಚಿಯನ್ನು ಮುಂದೆ ಸರಿಸಿದರು.